ಹ್ಯಾಚ್‌ಬ್ಯಾಕ್ ಡಿಕ್ಕಿಗೆ ಸಬ್‌ವೂಫರ್ ಪೆಟ್ಟಿಗೆ: ಅಳತೆಯಿಂದ ಟ್ಯೂನಿಂಗ್‌ವರೆಗೆ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ. ರೆಡಿಮೇಡ್ ಸಬ್‌ವೂಫರ್ ಪೆಟ್ಟಿಗೆಗಳು, ಅಂದರೆ ಬಾಸ್ (ತಗ್ಗು ಸ್ವರ) ಕೊಡುವ ದೊಡ್ಡ ಸ್ಪೀಕರ್ ಇರುವ ಪೆಟ್ಟಿಗೆಗಳು, ಅಂಗಡಿಗಳಲ್ಲಿ ಒಂದರ ಮೇಲೊಂದು ಪೇರಿಸಿರುತ್ತವೆ. ನಾನೂ ಮೊದಲು ಅಂಥದ್ದೇ ಒಂದನ್ನು ತಂದು ಸ್ವಿಫ್ಟ್‌ನ ಡಿಕ್ಕಿಯಲ್ಲಿ ಇಟ್ಟೆ. ಸದ್ದು ಜೋರಾಗಿತ್ತು. ಆದರೆ ಡೊಳ್ಳಿನ ಒಂದು ಪೆಟ್ಟಿಗೂ ಮುಂದಿನ ಪೆಟ್ಟಿಗೂ ನಡುವೆ ಬಿಡುವೇ ಕೇಳುತ್ತಿರಲಿಲ್ಲ. ಎಲ್ಲ ಸೇರಿ ಒಂದೇ ಗುಂಯ್. ಸೂಟ್‌ಕೇಸ್ ಇಡುವ ಜಾಗವೂ ಹೋಯಿತು.

ಆಮೇಲೆ ಅದೇ ವೂಫರ್, ಅದೇ ಆಂಪ್ (ಆಂಪ್ಲಿಫೈಯರ್) ಇಟ್ಟುಕೊಂಡು ಪೆಟ್ಟಿಗೆ ಮಾತ್ರ ನಾನೇ ಮಾಡಿದೆ. ಗಾತ್ರದಲ್ಲಿ ಹಳೆಯದಕ್ಕಿಂತ ಚಿಕ್ಕದು, ನಾಲ್ಕೂ ಕಡೆ ಮುಚ್ಚಿದ್ದು. ಡೊಳ್ಳು ಡೊಳ್ಳಿನ ಹಾಗೇ ಕೇಳಿತು. ಅವತ್ತಿನಿಂದ ಯಾರು ಕೇಳಿದರೂ ನಾನು ಹೇಳುವುದು ಒಂದೇ: ಹ್ಯಾಚ್‌ಬ್ಯಾಕ್‌ಗೆ ದೊಡ್ಡ ಪೆಟ್ಟಿಗೆ ಬೇಡ. ಗಾಳಿ ಸೋರದ ಚಿಕ್ಕ ಪೆಟ್ಟಿಗೆ ಸಾಕು. ಉಳಿದ ಕೆಲಸವನ್ನು ಕಾರೇ ಮಾಡುತ್ತದೆ.

ಕಾರು ಮಾಡುವ ಕೆಲಸ

ಸೆಡಾನ್‌ನಲ್ಲಿ ಡಿಕ್ಕಿ ಬೇರೆ, ಕೂರುವ ಜಾಗ ಬೇರೆ. ನಡುವೆ ತಗಡು, ಸೀಟು ಎಲ್ಲ ಅಡ್ಡ. ಹ್ಯಾಚ್‌ಬ್ಯಾಕ್‌ನಲ್ಲಿ ಎರಡೂ ಒಂದೇ ಕೋಣೆ. ಗಾಜು ಏರಿಸಿ ಬಾಗಿಲು ಹಾಕಿದರೆ ಆ ಕೋಣೆಯೇ ಒಂದು ಮುಚ್ಚಿದ ಡಬ್ಬಿ. ಶಬ್ದದ ಅಲೆಯ ಅರ್ಧ ಉದ್ದ ಈ ಕೋಣೆಯ ಉದ್ದಕ್ಕಿಂತ ಜಾಸ್ತಿಯಾದಾಗ ಅಲೆಗೆ ಒಳಗೆ ಹರಿದಾಡಲು ಜಾಗವಿರುವುದಿಲ್ಲ. ಆಗ ವೂಫರ್ ಒಳಗಿನ ಗಾಳಿಯನ್ನೇ ಒತ್ತಿ ಬಿಡುತ್ತದೆ. ಕಾರಿನ ಒಳಗಿನ ಉದ್ದ ಸುಮಾರು ಎರಡೂವರೆ ಮೀಟರ್ ಎಂದುಕೊಳ್ಳಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಲೆಕ್ಕ ಹಾಕಿದರೆ 70 ಹರ್ಟ್ಸ್ ಸುತ್ತಮುತ್ತ ಈ ಪರಿಣಾಮ ಶುರುವಾಗುತ್ತದೆ. ಅದಕ್ಕಿಂತ ಕೆಳಗೆ ಇಳಿದಂತೆ ಕಾರು ತಾನೇ ಬಾಸ್ ಏರಿಸುತ್ತಾ ಹೋಗುತ್ತದೆ.

ಮುಚ್ಚಿದ ಪೆಟ್ಟಿಗೆಯ ಸ್ವಭಾವ ಇದಕ್ಕೆ ಸರಿಯಾಗಿ ಉಲ್ಟಾ. ಒಂದು ಮಟ್ಟದಿಂದ ಕೆಳಗೆ ಅದರ ಬಾಸ್ ನಿಧಾನವಾಗಿ ಇಳಿಯುತ್ತದೆ, ಪ್ರತಿ ಆಕ್ಟೇವ್‌ಗೆ, ಅಂದರೆ ಹರ್ಟ್ಸ್ ಅರ್ಧಕ್ಕೆ ಇಳಿದಾಗಲೆಲ್ಲ, ಸುಮಾರು 12 ಡೆಸಿಬೆಲ್. ಪೆಟ್ಟಿಗೆ ಇಳಿಸಿದ್ದನ್ನು ಕಾರು ಬಹುಪಾಲು ಎತ್ತಿಕೊಡುತ್ತದೆ. ಪೋರ್ಟ್ ಇರುವ, ಅಂದರೆ ಗಾಳಿ ಕೊಳವೆ ಇರುವ ಪೆಟ್ಟಿಗೆ ತಾನೇ ಬಾಸ್ ಏರಿಸುತ್ತದೆ. ಅದರ ಮೇಲೆ ಕಾರಿನದ್ದೂ ಸೇರಿದರೆ ನನ್ನ ಮೊದಲ ಪೆಟ್ಟಿಗೆಯ ಗುಂಯ್ ಬರುತ್ತದೆ. ಪೋರ್ಟ್ ಪೆಟ್ಟಿಗೆ ಕೆಟ್ಟದ್ದೇನಲ್ಲ. ಸರಿಯಾಗಿ ಲೆಕ್ಕ ಹಾಕಿದರೆ ಅಷ್ಟೇ ಪವರ್‌ನಲ್ಲಿ ಜಾಸ್ತಿ ಸದ್ದು ಕೊಡುತ್ತದೆ. ಆದರೆ ಅದರಲ್ಲಿ ಅಳತೆ ತಪ್ಪಿದರೆ ಕ್ಷಮೆ ಇಲ್ಲ. ಮೊದಲ ಸಲ ಮಾಡುವವರು ಮುಚ್ಚಿದ ಪೆಟ್ಟಿಗೆಯನ್ನೇ ಮಾಡಿ.

ಸಿಎನ್‌ಜಿ ಕಾರಿನವರಿಗೆ ಒಂದು ಮಾತು. ಡಿಕ್ಕಿಯಲ್ಲಿ ಸಿಲಿಂಡರ್ ಇದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಸೀಟಿನ ಕೆಳಗೆ ಇಡುವ ತೆಳು ಸಬ್‌ವೂಫರ್ ನಿಮಗೆ ಒಳ್ಳೆಯದು.

ವೂಫರ್ ಮೊದಲು, ಪೆಟ್ಟಿಗೆ ಆಮೇಲೆ

ಪೆಟ್ಟಿಗೆಯ ಗಾತ್ರ ನಿರ್ಧಾರ ಮಾಡುವುದು ವೂಫರ್. ಅದರ ಜೊತೆ ಬರುವ ಕಾಗದವನ್ನು ಎಸೆಯಬೇಡಿ. ಅದರಲ್ಲಿ ಐದು ಸಂಗತಿ ನೋಡಿಕೊಳ್ಳಿ: ಎಫ್ಎಸ್ (ವೂಫರ್‌ನ ಸ್ವಂತ ಕಂಪನ, ಹರ್ಟ್ಸ್‌ನಲ್ಲಿ), ಕ್ಯೂಟಿಎಸ್ (ಆ ಕಂಪನ ಎಷ್ಟು ಬೇಗ ಅಡಗುತ್ತದೆ ಎಂದು ಹೇಳುವ ಅಂಕಿ), ವಿಎಎಸ್ (ವೂಫರ್‌ನಷ್ಟೇ ಮೆದುವಾಗಿ ಒತ್ತಿಕೊಳ್ಳುವ ಗಾಳಿ, ಲೀಟರ್‌ನಲ್ಲಿ), ಕತ್ತರಿಸಬೇಕಾದ ತೂತಿನ ವ್ಯಾಸ, ಮತ್ತು ಒಳಗೆ ಬೇಕಾಗುವ ಆಳ. ಮುಚ್ಚಿದ ಪೆಟ್ಟಿಗೆಗೆ ಎಷ್ಟು ಲೀಟರ್ ಬೇಕು ಎಂದು ಕಂಪನಿಯೇ ಬರೆದಿದ್ದರೆ ಅದನ್ನೇ ಹಿಡಿಯಿರಿ.

ಬರೆದಿಲ್ಲದಿದ್ದರೆ ಲೆಕ್ಕ ಸುಲಭ. ವಿಎಎಸ್ ಅನ್ನು ಪೆಟ್ಟಿಗೆಯ ಲೀಟರ್‌ನಿಂದ ಭಾಗಿಸಿ, 1 ಕೂಡಿಸಿ, ವರ್ಗಮೂಲ ತೆಗೆಯಿರಿ. ಅದನ್ನು ಕ್ಯೂಟಿಎಸ್‌ನಿಂದ ಗುಣಿಸಿ. ಉತ್ತರ 0.7 ಹತ್ತಿರ ಬಂದರೆ ಬಾಸ್ ಸಮನಾಗಿ, ಬಿಗಿಯಾಗಿ ಇರುತ್ತದೆ. 1 ದಾಟಿದರೆ ಗುಂಯ್‌ಗುಡುತ್ತದೆ. ಉದಾಹರಣೆಗೆ, ಕ್ಯೂಟಿಎಸ್ 0.5, ವಿಎಎಸ್ 28 ಲೀಟರ್ ಇರುವ 10 ಇಂಚಿನ ವೂಫರ್ ತೆಗೆದುಕೊಳ್ಳಿ. 26.5 ಲೀಟರ್ ಪೆಟ್ಟಿಗೆಯಲ್ಲಿ ಇಟ್ಟರೆ ಉತ್ತರ ಸುಮಾರು 0.72. ಇನ್ನೇನು ಬೇಕು? ಅದೇ ವರ್ಗಮೂಲವನ್ನು ಎಫ್ಎಸ್‌ಗೆ ಗುಣಿಸಿದರೆ ಪೆಟ್ಟಿಗೆಯೊಳಗೆ ವೂಫರ್‌ನ ಸ್ವಂತ ಕಂಪನ ಎಷ್ಟಕ್ಕೆ ಏರುತ್ತದೆ ಎಂದು ಗೊತ್ತಾಗುತ್ತದೆ. ಎಫ್ಎಸ್ 30 ಇದ್ದರೆ 43 ಹರ್ಟ್ಸ್. ಬಾಸ್ ಗಿಟಾರ್‌ನ ಅತಿ ದಪ್ಪ ತಂತಿಯ ಸ್ವರ 41 ಹರ್ಟ್ಸ್. ಅದಕ್ಕಿಂತ ಕೆಳಗಿನದ್ದನ್ನು ಕಾರು ನೋಡಿಕೊಳ್ಳುತ್ತದೆ.

12 ಇಂಚಿನದ್ದು ಬೇಕೇ ಬೇಕು ಅನ್ನುವವರಿಗೆ ಬೇಡ ಅನ್ನುವುದಿಲ್ಲ. ಆದರೆ ಮನೆಯವರ ಜೊತೆ ಊರಿಗೆ ಹೋಗಿ ಬರುವ ಕಾರಿಗೆ 10 ಇಂಚು ಸಾಕು ಎಂಬುದು ನನ್ನ ಅಭಿಪ್ರಾಯ.

ಡಿಕ್ಕಿ ಅಳೆಯುವುದು

2018ರ ಸ್ವಿಫ್ಟ್‌ನ ಡಿಕ್ಕಿ 268 ಲೀಟರ್. ಇದ್ದುದರಲ್ಲೇ ಕಡಿಮೆ ಜಾಗ ತಿನ್ನುವ ಆಕಾರ ಓರೆ ಪೆಟ್ಟಿಗೆ. ಹಿಂದಿನ ಸೀಟಿನ ಬೆನ್ನು ಓರೆಯಾಗಿರುತ್ತದೆ ಅಲ್ವಾ? ಪೆಟ್ಟಿಗೆಯ ಒಂದು ಮುಖವೂ ಅಷ್ಟೇ ಓರೆ ಇರಬೇಕು. ಆಗ ಅದು ಸೀಟಿಗೆ ಒತ್ತಿ ಕೂರುತ್ತದೆ.

ಹಳೆಯ ರಟ್ಟಿನ ಪೆಟ್ಟಿಗೆ ಕತ್ತರಿಸಿ ಬದಿಯ ಆಕಾರದ ಮಾದರಿ ಮಾಡಿಕೊಳ್ಳಿ. ಡಿಕ್ಕಿಯಲ್ಲಿ ಇಟ್ಟು, ಹಿಂಬಾಗಿಲು ನಿಧಾನವಾಗಿ ಮುಚ್ಚಿ ನೋಡಿ. ಪಾರ್ಸೆಲ್ ಟ್ರೇಗೆ ತಾಗಬಾರದು. ಡಿಕ್ಕಿಯ ಬಾಯಿಯ ಅಗಲವನ್ನೂ ಅಳೆಯಿರಿ. ಒಳಗೆ ಸರಿಹೋಗುವ ಪೆಟ್ಟಿಗೆ ಬಾಯಿಯಲ್ಲಿ ಹಿಡಿಯದಿರುವುದು ಉಂಟು. ವೂಫರ್ ಹಿಂಬಾಗಿಲ ಕಡೆ ಮುಖ ಮಾಡಿ ಕೂರುತ್ತದೆ. ಹ್ಯಾಚ್‌ಬ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಹಾಗೆ ಇಟ್ಟಾಗಲೇ ಬಾಸ್ ಜಾಸ್ತಿ. ವೂಫರ್ ಮುಂದೆ ಕನಿಷ್ಠ ಒಂದು ಗೇಣು ಜಾಗ ಇರಲಿ.

ನಾನು ಹಿಡಿದ ಹೊರ ಅಳತೆ: ಅಗಲ 600 ಮಿ.ಮೀ., ಎತ್ತರ 350, ಮೇಲೆ ಆಳ 160, ಕೆಳಗೆ ಆಳ 240. ಹಲಗೆ 18 ಮಿ.ಮೀ. ದಪ್ಪ. ಒಳಗಿನ ಅಳತೆ 564 × 314, ಸರಾಸರಿ ಆಳ ಸುಮಾರು 164. ಗುಣಿಸಿದರೆ 29 ಲೀಟರ್. ವೂಫರ್‌ನ ಹಿಂಭಾಗ ತಿನ್ನುವ 2 ಲೀಟರ್, ಆಧಾರದ ಪಟ್ಟಿ ತಿನ್ನುವ ಅರ್ಧ ಲೀಟರ್ ಕಳೆದರೆ ಉಳಿಯುವುದು 26.5. ಮೇಲಿನ ಲೆಕ್ಕದ ಸಂಖ್ಯೆ ಬಂದದ್ದು ಇಲ್ಲಿಂದಲೇ. ಮಧ್ಯದಲ್ಲಿ ವೂಫರ್‌ಗೆ ಸಿಗುವ ಆಳ, ಮುಖದ ಹಲಗೆಯ ದಪ್ಪವೂ ಸೇರಿ, 180 ಮಿ.ಮೀ. ವೂಫರ್‌ನ ಬೆನ್ನಿಗೂ ಹಲಗೆಗೂ ನಡುವೆ 25 ಮಿ.ಮೀ. ಆದರೂ ಖಾಲಿ ಬಿಡಿ. ಮ್ಯಾಗ್ನೆಟ್ ಹಿಂದೆ ಗಾಳಿ ತೂತು ಇರುವ ವೂಫರ್ ಆದರೆ ಇದು ಇನ್ನೂ ಮುಖ್ಯ.

ಯಾವ ಹಲಗೆ?

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯವರಿಗೆ 18 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸಾಕು. ಸಮತಟ್ಟಾಗಿರುತ್ತದೆ, ಒಳಗೆ ಪೊಳ್ಳು ಇರುವುದಿಲ್ಲ. ಮಂಗಳೂರು, ಉಡುಪಿ, ಮಲೆನಾಡಿನವರಿಗೆ ನಾನು ಎಂಡಿಎಫ್ ಹೇಳುವುದಿಲ್ಲ. ಮಳೆಗಾಲದಲ್ಲಿ ಒದ್ದೆ ಕೊಡೆ ಡಿಕ್ಕಿಗೆ ಹಾಕದವರು ಯಾರು? ಎಂಡಿಎಫ್‌ಗೆ ನೀರು ಸೋಕಿದರೆ ಅಂಚು ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ. ಅಂಥ ಕಡೆ ತೇವ ತಡೆಯುವ ಎಚ್‌ಡಿಎಚ್‌ಎಂಆರ್ ಹಲಗೆ ಅಥವಾ ಐಎಸ್ 710 (ಮೆರೈನ್ ದರ್ಜೆ) ಗುರುತಿರುವ ಪ್ಲೈವುಡ್ ತನ್ನಿ. ಪ್ಲೈವುಡ್ ಆದರೆ ಕತ್ತರಿಸಿದ ಅಂಚು ನೋಡಿ, ಪದರಗಳ ನಡುವೆ ಸಂದು ಇರಬಾರದು. ಅಲ್ಲಿಂದಲೇ ಗಾಳಿ ಸೋರುತ್ತದೆ.

4 ಅಡಿ × 4 ಅಡಿ ತುಂಡು ಈ ಪೆಟ್ಟಿಗೆಗೆ ಸಾಕಾಗಿ ಉಳಿಯುತ್ತದೆ. ಬೆಂಗಳೂರಿನಲ್ಲಾದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋಗಿ. ಕತ್ತರಿಸಿ ಕೊಡುವ ಯಂತ್ರ ಇರುವ ಅಂಗಡಿಯನ್ನೇ ಹುಡುಕಿ. ನೇರ ಕಟ್ ಎಲ್ಲವನ್ನೂ ಯಂತ್ರದಲ್ಲಿ ಮಾಡಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಅಲ್ಲಿಗೆ ಒಯ್ಯಬೇಕಾದ ಚೀಟಿ ಇದು:

- ಬದಿ ಹಲಗೆ ಎರಡು: ಎತ್ತರ 350, ಮೇಲೆ 160, ಕೆಳಗೆ 240. ಒಂದು ಅಂಚು ನೇರ, ಇನ್ನೊಂದು ಓರೆ.
- ವೂಫರ್ ಕೂರುವ ಮುಖ: 564 × 350
- ಸೀಟಿಗೆ ಒರಗುವ ಓರೆ ಹಲಗೆ: 564 × 360
- ಮೇಲ್ಭಾಗ: 564 × 128
- ತಳ: 564 × 204

ಬದಿಗಳ ನಡುವೆ ಉಳಿದ ನಾಲ್ಕೂ ಕೂರುತ್ತವೆ. ಅದಕ್ಕೇ ಅವೆಲ್ಲ 564. ಓರೆ ಹಲಗೆಗೆ ತಾಗುವ ಅಂಚುಗಳನ್ನು 13 ಡಿಗ್ರಿ ವಾಲಿಸಿ ಕತ್ತರಿಸಬೇಕು. ಅದು ಆಗದಿದ್ದರೆ ನೇರವಾಗಿಯೇ ಕತ್ತರಿಸಿ, ಮನೆಯಲ್ಲಿ ಕೀಸಿಕೊಳ್ಳಿ. ನಿಮ್ಮ ಕಾರಿನ ಸೀಟಿನ ಓರೆ ಬೇರೆ ಇದ್ದರೆ ಈ ಅಂಕಿಗಳೂ ಬದಲಾಗುತ್ತವೆ. ರಟ್ಟಿನ ಮಾದರಿಯನ್ನು ನಂಬಿ, ನನ್ನ ಚೀಟಿಯನ್ನಲ್ಲ.

ತೂತು ಮತ್ತು ಜೋಡಣೆ

ಮಾಸ್ಕ್ ಹಾಕಿಕೊಳ್ಳಿ, ಎನ್95 ಆದರೆ ಒಳ್ಳೆಯದು. ಎಂಡಿಎಫ್ ಪುಡಿ ತುಂಬ ನುಣ್ಣಗೆ, ಅದರಲ್ಲಿ ಅಂಟಿನ ರಾಸಾಯನಿಕ ಇರುತ್ತದೆ. ಕೋಣೆಯೊಳಗೆ ಬೇಡ, ತಾರಸಿಯ ಮೇಲೆ ಕತ್ತರಿಸಿ.

ವೂಫರ್ ತೂತಿಗೆ ಕೈವಾರ ಮನೆಯಲ್ಲೇ ಆಗುತ್ತದೆ. ಒಂದು ಮರದ ಪಟ್ಟಿಗೆ ಮೊಳೆ ಹೊಡೆದು, ಬೇಕಾದ ತ್ರಿಜ್ಯದಲ್ಲಿ ಪೆನ್ಸಿಲ್‌ಗೆ ತೂತು ಕೊರೆದರೆ ಮುಗಿಯಿತು. ವೃತ್ತ ಎಳೆದು, ಅದರ ಒಳಗೆ 10 ಮಿ.ಮೀ. ಡ್ರಿಲ್ ಇಳಿಸಿ, ಅಲ್ಲಿಂದ ಜಿಗ್‌ಸಾ ಬ್ಲೇಡ್ ಹೊರಡಿಸಿ. ಗೆರೆಯ ಒಳಗೇ ಕತ್ತರಿಸಿ, ಆಮೇಲೆ ಸ್ಯಾಂಡ್‌ಪೇಪರ್ ಉಜ್ಜಿ ಹಿಗ್ಗಿಸಿ. ಹಿಗ್ಗಿಸಬಹುದು, ಕುಗ್ಗಿಸಲು ಆಗುವುದಿಲ್ಲ. ಒಂದು ಬದಿ ಹಲಗೆಯಲ್ಲಿ ಟರ್ಮಿನಲ್ ಕಪ್‌ಗೂ (ಹೊರಗಿನ ವೈರ್ ಜೋಡಿಸುವ ಬಟ್ಟಲು) ತೂತು ಮಾಡಿಕೊಳ್ಳಿ.

ಅಂಟು ಹಚ್ಚುವ ಮೊದಲು ಎಲ್ಲವನ್ನೂ ಸುಮ್ನೆ ಜೋಡಿಸಿ ನೋಡಿ. ಸಂದು ಕಂಡಲ್ಲಿ ಕೀಸಿ. ನಂತರ ಫೆವಿಕಾಲ್ ಧಾರಾಳವಾಗಿ ಹಚ್ಚಿ, ಕ್ಲಾಂಪ್ ಬಿಗಿದು, 40 ಮಿ.ಮೀ. ಸ್ಕ್ರೂ ಹಾಕಿ. ಸುಮಾರು 10 ಸೆಂ.ಮೀ.ಗೆ ಒಂದು. ಪ್ರತಿ ಸ್ಕ್ರೂಗೂ ಮೊದಲು ಸಣ್ಣ ತೂತು ಕೊರೆಯಲೇಬೇಕು. ಎಂಡಿಎಫ್ ಅಂಚಿಗೆ ನೇರವಾಗಿ ಸ್ಕ್ರೂ ಹಾಕಿದರೆ ಸೀಳುತ್ತದೆ. ಕೆಲಸದಲ್ಲಿ ನಿಜವಾದ ಹಿಡಿತ ಅಂಟಿನದ್ದು. ಅಂಟು ಒಣಗುವವರೆಗೆ ಹಲಗೆ ಅಲ್ಲಾಡದಂತೆ ಹಿಡಿಯುವುದಷ್ಟೇ ಸ್ಕ್ರೂ ಕೆಲಸ. ಸಂದಿನಿಂದ ಅಂಟು ಉದ್ದಕ್ಕೂ ಒಸರಿ ಬಂದರೆ ಸರಿಯಾಗಿದೆ ಎಂದರ್ಥ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಓರೆ ಹಲಗೆ ಹಾಕುವ ಮೊದಲು ಒಳಗೆ ಒಂದು ಆಧಾರ ಕೊಡಿ. ವೂಫರ್ ಮುಖದಿಂದ ಓರೆ ಹಲಗೆವರೆಗೆ ಮುಟ್ಟುವ ಪಟ್ಟಿ, ತೂತಿನ ಪಕ್ಕದಲ್ಲಿ. ಬೆರಳಲ್ಲಿ ಕುಟ್ಟಿದರೆ ಹಲಗೆ 'ಟೊಕ್' ಅನ್ನಬೇಕು, 'ಡಬ್' ಅನ್ನಬಾರದು.

ಎಲ್ಲ ಮುಚ್ಚಿ ಒಂದು ದಿನ ಒಣಗಲು ಬಿಡಿ. ಮಾರನೆಯ ದಿನ ಫೆವಿಕಾಲ್‌ಗೆ ಕತ್ತರಿಸಿದ ಪುಡಿ ಕಲಸಿ ಗಟ್ಟಿ ಪೇಸ್ಟ್ ಮಾಡಿ. ವೂಫರ್ ತೂತಿನಿಂದ ಕೈ ಹಾಕಿ ಒಳಗಿನ ಪ್ರತಿ ಮೂಲೆಗೂ ಬಳಿಯಿರಿ. ಸಿಲಿಕೋನ್ ಹಚ್ಚುವುದಾದರೆ ಅದರ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ವೂಫರ್ ಹಾಕಬೇಡಿ. ಆ ಆವಿ ವೂಫರ್‌ನ ಭಾಗಗಳಿಗೆ ಒಳ್ಳೆಯದಲ್ಲ.

ಸೋರಿಕೆ ಹಿಡಿಯಲು ಊದುಬತ್ತಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ವೂಫರ್ ಕೂರಿಸಿ, ಅದರ ಅಂಚಿಗೆ ಫೋಮ್ ಟೇಪ್ ಕೊಟ್ಟು, ಬೋಲ್ಟ್‌ಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಆಂಪ್ ಜೋಡಿಸಿದ ಮೇಲೆ 30 ಹರ್ಟ್ಸ್ ಸ್ವರವನ್ನು ಕಡಿಮೆ ಸದ್ದಿನಲ್ಲಿ ಬಿಡಿ. ಹಚ್ಚಿದ ಊದುಬತ್ತಿಯನ್ನು ಪ್ರತಿ ಅಂಚಿನ ಹತ್ತಿರ, ಟರ್ಮಿನಲ್ ಕಪ್ ಸುತ್ತ ನಿಧಾನವಾಗಿ ಒಯ್ಯಿರಿ. ಎಲ್ಲಿ ಹೊಗೆ ನಡುಗುತ್ತದೋ ಅಲ್ಲಿ ತೂತಿದೆ. ಕಿಡಿ ಕಾರ್ಪೆಟ್‌ಗೆ ತಾಗೀತು, ಆದ್ದರಿಂದ ಈ ಪರೀಕ್ಷೆ ಹೊದಿಕೆ ಹಾಕುವ ಮೊದಲೇ ಆಗಲಿ.

ಪರೀಕ್ಷೆ ಮುಗಿದ ಮೇಲೆ ವೂಫರ್ ತೆಗೆದು, ಹೊರಗೆ ಕಾರ್ಪೆಟ್ ಅಂಟಿಸಿ. ಫೆವಿಕಾಲ್ ಎಸ್ಆರ್ 998 ಥರದ ಅಂಟನ್ನು ಎರಡೂ ಕಡೆ ಹಚ್ಚಿ, ಮುಟ್ಟಿದರೆ ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಒಳಗೆ ದಿಂಬಿಗೆ ತುಂಬುವ ಫೈಬರ್ ಅನ್ನು ಸಡಿಲವಾಗಿ ಹಾಕಿದರೆ ಪೆಟ್ಟಿಗೆ ಇರುವುದಕ್ಕಿಂತ ಸ್ವಲ್ಪ ದೊಡ್ಡದರಂತೆ ನಡೆದುಕೊಳ್ಳುತ್ತದೆ. ಅದು ವೂಫರ್‌ಗೆ ತಾಗದಿರಲಿ.

ಕಾರಿಗೆ ಕಟ್ಟುವುದು

ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಪೆಟ್ಟಿಗೆ 9-10 ಕಿಲೋ, ವೂಫರ್ ಸೇರಿ 15 ಕಿಲೋ ಆದೀತು. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ಅರ್ಧ ಮೀಟರ್‌ನಲ್ಲಿ ನಿಂತಿತು ಎಂದುಕೊಳ್ಳಿ. ಆ ಕ್ಷಣಕ್ಕೆ ಪೆಟ್ಟಿಗೆ ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದೆ ನುಗ್ಗುತ್ತದೆ. ಅಂದರೆ 300 ಕಿಲೋ ಭಾರ. ಪೆಟ್ಟಿಗೆಯ ಮುಂದಿರುವ ಸೀಟಿನಲ್ಲಿ ನಿಮ್ಮ ಮನೆಯವರಿರುತ್ತಾರೆ.

ಪೆಟ್ಟಿಗೆಯ ಎರಡೂ ಬದಿಗೆ ದಪ್ಪ ಡಿ-ರಿಂಗ್‌ಗಳನ್ನು ನಟ್ ಬೋಲ್ಟ್ ಹಾಕಿ ಬಿಗಿಯಿರಿ. ಬೋಲ್ಟ್ ಹೋದ ತೂತನ್ನು ಪೇಸ್ಟ್ ತುಂಬಿ ಮುಚ್ಚಿ. ಅಲ್ಲಿಂದ ರಾಚೆಟ್ ಬೆಲ್ಟ್ ಎಳೆದು ಕಾರಿನ ಲೋಹದ ಭಾಗಕ್ಕೆ ಕಟ್ಟಿ. ಡಿಕ್ಕಿಯ ಪ್ಲಾಸ್ಟಿಕ್ ಕೊಕ್ಕೆಗಳು ತರಕಾರಿ ಚೀಲಕ್ಕೆ ಸರಿ, ಇದಕ್ಕಲ್ಲ. ಸೀಟ್‌ಬೆಲ್ಟ್ ಬೋಲ್ಟ್ ಮುಟ್ಟಬೇಡಿ. ಗಟ್ಟಿ ಜಾಗ ಕಾಣದಿದ್ದರೆ ಒಳ್ಳೆಯ ಫಿಟ್ಟರ್ ಹತ್ತಿರ ಡಿಕ್ಕಿಯ ಬದಿ ಲೋಹಕ್ಕೆ ಕೊಕ್ಕೆ ಹಾಕಿಸಿ.

ನೆಲಕ್ಕೆ ಸ್ಕ್ರೂ ಹೊಡೆಯುವುದು ಮಾತ್ರ ಬೇಡ. ನಾನು ಮಾಡಿದ ಮೊದಲ ಪೆಟ್ಟಿಗೆಯನ್ನು ಡಿಕ್ಕಿಯ ನೆಲದ ಹಲಗೆಗೇ ಬಿಗಿದಿದ್ದೆ. ಸಕಲೇಶಪುರ ದಾಟಿ ಶಿರಾಡಿ ಘಾಟ್ ಇಳಿಯುವಾಗ ರಾತ್ರಿ ಟೈರ್ ಪಂಕ್ಚರ್. ಸ್ಟೆಪ್ನಿ ಇದ್ದದ್ದು ಆ ಹಲಗೆಯ ಕೆಳಗೆ. ಮಳೆಯಲ್ಲಿ, ಮೊಬೈಲ್ ಬೆಳಕಲ್ಲಿ, ಲಾರಿಗಳು ಪಕ್ಕದಲ್ಲೇ ಹೋಗುತ್ತಿರುವಾಗ ಹನ್ನೆರಡು ಸ್ಕ್ರೂ ಬಿಚ್ಚಬೇಕಾಯಿತು. ಈಗ ಬೆಲ್ಟ್ ಸಡಿಲಿಸಿ, ವೈರ್ ಕಪ್ಲರ್ ಎಳೆದರೆ ಎರಡು ನಿಮಿಷದಲ್ಲಿ ಪೆಟ್ಟಿಗೆ ಹೊರಗೆ. ಇನ್ನೊಂದು ಕಾರಣವೂ ಇದೆ. ಬಹುತೇಕ ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂದಿನ ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕ್ ಇರುತ್ತದೆ.

ವೈರಿಂಗ್

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. 300 ವ್ಯಾಟ್ ಆರ್‌ಎಂಎಸ್ (ಬಿಡದೆ ಕೊಡಬಲ್ಲ ಪವರ್) ಕೊಡುವ ಕ್ಲಾಸ್ ಡಿ ಆಂಪ್ ಪೂರ್ತಿ ದುಡಿಯುವಾಗ ಸುಮಾರು 27 ಆಂಪಿಯರ್ ಎಳೆಯುತ್ತದೆ. ಇದಕ್ಕೆ 8 ಗೇಜ್ ತಾಮ್ರದ ವೈರ್, 40 ಆಂಪಿಯರ್ ಫ್ಯೂಸ್ ಸಾಕು. ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇರಬೇಕು. ಫ್ಯೂಸ್ ಇರುವುದು ಆಂಪ್ ಉಳಿಸಲು ಅಲ್ಲ. ದಾರಿಯಲ್ಲಿ ಎಲ್ಲಾದರೂ ವೈರ್ ಸವೆದು ಕಾರಿನ ತಗಡಿಗೆ ತಾಗಿದರೆ ಕಾರು ಹೊತ್ತಿಕೊಳ್ಳದಿರಲಿ ಎಂದು.

ಅಗ್ಗದ ಕಿಟ್‌ಗಳಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರ್ ಬರುತ್ತದೆ. ಎಳೆಯನ್ನು ಬ್ಲೇಡ್‌ನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದೇ. ಅದರ ರೋಧ ಒಂದೂವರೆ ಪಟ್ಟು ಜಾಸ್ತಿ. ಅದನ್ನೇ ಹಾಕುವುದಾದರೆ ಒಂದು ದಪ್ಪ ಮೇಲಿನದ್ದು ತನ್ನಿ.

ಬಾನೆಟ್‌ನಿಂದ ಒಳಗೆ ಬರಲು ರಬ್ಬರ್ ಗ್ರೊಮೆಟ್ ಇರುವ ತೂತನ್ನೇ ಬಳಸಿ. ಬರೀ ತಗಡಿನ ಅಂಚಿಗೆ ವೈರ್ ಉಜ್ಜಬಾರದು. ಪವರ್ ವೈರ್ ಒಂದು ಬದಿಯ ಬಾಗಿಲ ಪಟ್ಟಿಯ ಕೆಳಗೆ, ಆರ್‌ಸಿಎ (ಮ್ಯೂಸಿಕ್ ಸೆಟ್‌ನಿಂದ ಆಂಪ್‌ಗೆ ಸಿಗ್ನಲ್ ಒಯ್ಯುವ ಕೇಬಲ್) ಇನ್ನೊಂದು ಬದಿಯಲ್ಲಿ. ಒಟ್ಟಿಗೆ ಎಳೆದರೆ ಇಂಜಿನ್ ಏರಿದಂತೆ ಸ್ಪೀಕರ್‌ನಲ್ಲಿ ಕುಂಯ್‌ಗುಟ್ಟುವ ಸಾಧ್ಯತೆ ಇದೆ. ಹಳದಿ ಕವಚದ ವೈರ್, ಹಳದಿ ಕಪ್ಲರ್ ಕಂಡರೆ ಕೈ ಹಿಂದೆ ತೆಗೆಯಿರಿ. ಅದು ಏರ್‌ಬ್ಯಾಗ್‌ನದ್ದು.

ಅರ್ತ್ ವೈರ್ ಪವರ್ ವೈರ್‌ನಷ್ಟೇ ದಪ್ಪ ಇರಲಿ, ಒಂದೂವರೆ ಅಡಿಗಿಂತ ಉದ್ದ ಬೇಡ. ಬಾಡಿಯ ಬಣ್ಣ ಕೆರೆದು, ಹೊಳೆಯುವ ತಗಡಿಗೆ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ. ಕಂಪನಿಯ ಸೆಟ್‌ನಲ್ಲಿ ಆರ್‌ಸಿಎ ಇಲ್ಲದಿದ್ದರೆ ಹೈ ಲೆವೆಲ್ ಇನ್‌ಪುಟ್ ಇರುವ, ಅಂದರೆ ಸ್ಪೀಕರ್ ವೈರ್‌ನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಆಂಪ್ ತನ್ನಿ. ಕಾರಿನ ವೈರ್ ಕತ್ತರಿಸದೆ, ಆ ಮಾಡೆಲ್‌ಗೆ ಸಿಗುವ ಕಪ್ಲರ್ ಹಾರ್ನೆಸ್ ಹಾಕಿಸಿದರೆ ವಾರಂಟಿ ಮಾತು ಬಂದಾಗ ತೊಂದರೆ ಕಡಿಮೆ.

ವೂಫರ್‌ಗೆ ಎರಡು ಕಾಯಿಲ್ ಇದ್ದರೆ, 4 ಮತ್ತು 4 ಓಮ್, ಸರಣಿಯಲ್ಲಿ ಜೋಡಿಸಿದರೆ 8 ಓಮ್, ಸಮಾಂತರವಾಗಿ 2 ಓಮ್. ಆಂಪ್ 2 ಓಮ್ ತಡೆಯುತ್ತದೆಯೇ ಎಂದು ನೋಡದೆ ಜೋಡಿಸಬೇಡಿ.

ಟ್ಯೂನಿಂಗ್

ಗೇನ್ ಎಂದರೆ ವಾಲ್ಯೂಮ್ ಅಲ್ಲ. ಸೆಟ್‌ನಿಂದ ಬರುವ ಸಿಗ್ನಲ್‌ಗೆ ಆಂಪ್ ಹೊಂದಿಸುವ ತಿರುಪು ಅದು. ವೂಫರ್ ವೈರ್ ಬಿಚ್ಚಿ. ಬಾಸ್ ಬೂಸ್ಟ್ ಸೊನ್ನೆಗೆ ತನ್ನಿ. ಸೆಟ್‌ನ ವಾಲ್ಯೂಮ್ ಮುಕ್ಕಾಲು ಭಾಗಕ್ಕೆ ಏರಿಸಿ, 50 ಹರ್ಟ್ಸ್ ಟೆಸ್ಟ್ ಟೋನ್ ಬಿಡಿ. ಮಲ್ಟಿಮೀಟರ್ ಅನ್ನು ಎಸಿ ವೋಲ್ಟ್‌ಗೆ ಇಟ್ಟು ಆಂಪ್‌ನ ಔಟ್‌ಪುಟ್ ಅಳೆಯಿರಿ. ವ್ಯಾಟ್ ಅನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬರಬೇಕಾದ ವೋಲ್ಟ್ ಸಿಗುತ್ತದೆ. 300 ವ್ಯಾಟ್, 4 ಓಮ್ ಆದರೆ 34.6. ಮೀಟರ್ ಅಲ್ಲಿಗೆ ಮುಟ್ಟುವವರೆಗೆ ಗೇನ್ ತಿರುಗಿಸಿ, ನಿಲ್ಲಿಸಿ.

ಲೋ ಪಾಸ್ ಫಿಲ್ಟರ್ (ಮೇಲಿನ ಸ್ವರಗಳು ವೂಫರ್‌ಗೆ ಹೋಗದಂತೆ ತಡೆಯುವ ತಿರುಪು) 80 ಹರ್ಟ್ಸ್‌ನಲ್ಲಿ ಶುರು ಮಾಡಿ. ಗಂಡಸರ ದನಿ ಡಿಕ್ಕಿಯಿಂದ ಬಂದಂತೆ ಕೇಳಿದರೆ 70ಕ್ಕೆ ಇಳಿಸಿ. ನಂತರ ಡ್ರೈವರ್ ಸೀಟಿನಲ್ಲಿ ಕೂತು, ಬೇರೆಯವರ ಕೈಲಿ ಆಂಪ್‌ನ ಫೇಸ್ ಸ್ವಿಚ್ (ವೂಫರ್ ಚಲಿಸುವ ದಿಕ್ಕನ್ನು ಉಲ್ಟಾ ಮಾಡುವುದು) 0 ಮತ್ತು 180ರ ನಡುವೆ ಬದಲಿಸಲು ಹೇಳಿ. ಯಾವುದರಲ್ಲಿ ಬಾಸ್ ತುಂಬಿ ಬರುತ್ತದೋ ಅದೇ ಸರಿ. ಒಳ್ಳೆಯ ಟ್ಯೂನಿಂಗ್‌ನಲ್ಲಿ ತಮಟೆ, ಡೊಳ್ಳು ಮುಂದಿನ ಗಾಜಿನ ಹತ್ತಿರ ಬಾರಿಸಿದಂತೆ ಕೇಳಬೇಕು. ವೂಫರ್ ಹಿಂದಿದೆ ಎಂದು ಗೊತ್ತಾಗಬಾರದು.

ಈಗ ಹೊಸ ಕಿರಿಕಿರಿ ಶುರುವಾಗುತ್ತದೆ, ಗಡಗಡ ಸದ್ದು. 20ರಿಂದ 100 ಹರ್ಟ್ಸ್‌ವರೆಗೆ ಏರುವ ಟೋನ್ ಬಿಟ್ಟು, ಕಾರಿನ ಸುತ್ತ ಕೈಯಿಂದ ಒತ್ತುತ್ತಾ ಬನ್ನಿ. ಮೊದಲು ಸಿಗುವುದು ನಂಬರ್ ಪ್ಲೇಟ್. ಅದರ ಹಿಂದೆ ಫೋಮ್ ಟೇಪ್ ಕೊಡಿ. ಪಾರ್ಸೆಲ್ ಟ್ರೇಯ ಅಂಚಿಗೆ ಫೆಲ್ಟ್, ಹಿಂಬಾಗಿಲ ತಗಡಿಗೆ ಒಳಗಿನಿಂದ ಬ್ಯುಟೈಲ್ ಶೀಟ್ (ನಡುಕ ತಡೆಯುವ ಅಂಟು ರಬ್ಬರ್ ಹಾಳೆ).

ಮೊದಲ ವಾರ ಪ್ರತಿ ಸಲ ಕಾರು ನಿಲ್ಲಿಸಿದ ಮೇಲೆ ಫ್ಯೂಸ್ ಹೋಲ್ಡರ್ ಮತ್ತು ಅರ್ತ್ ಬೋಲ್ಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ಅಲ್ಲಿ ಜೋಡಣೆ ಸಡಿಲ. ತಿಂಗಳಾದ ಮೇಲೆ ವೂಫರ್ ಬೋಲ್ಟ್‌ಗಳನ್ನೂ ಬೆಲ್ಟ್ ಅನ್ನೂ ಇನ್ನೊಮ್ಮೆ ಬಿಗಿಯಿರಿ. ಇನ್ಶೂರೆನ್ಸ್ ರಿನ್ಯೂ ಮಾಡುವಾಗ ಬಿಲ್ ತೋರಿಸಿ ಐಎಂಟಿ 24ರ (ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಪಾಲಿಸಿಯಲ್ಲಿ ಸೇರಿಸುವ ಷರತ್ತು) ಅಡಿ ಆಂಪ್, ವೂಫರ್ ಎರಡನ್ನೂ ಸೇರಿಸಲು ಕೇಳಿ. ಹಾಗಾಗಿ ಅಂಗಡಿಯಲ್ಲಿ ಬಿಲ್ ಬೇಡ ಅನ್ನಬೇಡಿ.